ಬಂಗಾರದ ಗಿಡುಗದ ಮುಂದಿನ ಸಾಲು

ಬಹ್ರೈನ್‌ನ ಗಲ್ಫ್ ಏರ್ ಸಂಸ್ಥೆಗೆ 2025ರಲ್ಲಿ ಎಪ್ಪತ್ತೈದು ವರ್ಷ ತುಂಬಿತು. ಅದರ ಬಾಲದ ಮೇಲಿನ ಬಂಗಾರದ ಗಿಡುಗವನ್ನು ನೋಡದ ಗಲ್ಫ್ ಕನ್ನಡಿಗರಿಲ್ಲ. ಆ ವಿಮಾನದ ಮುಂದಿನ ಸಾಲುಗಳಲ್ಲಿ, 'ಫಾಲ್ಕನ್ ಗೋಲ್ಡ್' ಎಂದು ಕರೆಯುವ ಬಿಸಿನೆಸ್ ಕ್ಲಾಸಿನಲ್ಲಿ, ಕೂತವರು ಮಾತ್ರ ನಮ್ಮಲ್ಲಿ ಬಲು ವಿರಳ. ಆ ಸೀಟುಗಳು ಹಳತಾದರೆ ನಮಗೇನಾಗಬೇಕು, ಅವು ಬೇರೆ ಕಂಪನಿಗಳಿಗೆ ಸರಿಸಾಟಿಯಾಗಿ ಉಳಿದರೆಷ್ಟು ಬಿಟ್ಟರೆಷ್ಟು ಎಂದು ಕೇಳುವುದು ಸಹಜ. ಆದರೆ ಈ ಸಂಸ್ಥೆಯ ಇತಿಹಾಸ ನೋಡಿದರೆ, ಮುಂದಿನ ಸಾಲಿನ ಏಳುಬೀಳಿಗೂ ಹಿಂದಿನ ಸಾಲಿನಲ್ಲಿ ಕೂರುವ ನಮ್ಮ ಊರದಾರಿಗೂ ನೇರ ನಂಟಿದೆ ಎಂದು ತಿಳಿಯುತ್ತದೆ.

ಈ ದ್ವೀಪಕ್ಕೆ ವಿಮಾನ ಹೊಸತಲ್ಲ. 1932ರಲ್ಲೇ ಬ್ರಿಟನ್ನಿನ ಇಂಪೀರಿಯಲ್ ಏರ್‌ವೇಸ್ ವಿಮಾನಗಳು ಭಾರತಕ್ಕೆ ಹೋಗುವ ದಾರಿಯಲ್ಲಿ ಮುಹರಕ್‌ನಲ್ಲಿ ಇಳಿಯುತ್ತಿದ್ದವು. 1950ರಲ್ಲಿ ಫ್ರೆಡ್ಡಿ ಬಾಸ್‌ವರ್ತ್ ಎಂಬ ಬ್ರಿಟಿಷ್ ಪೈಲಟ್ 'ಗಲ್ಫ್ ಏವಿಯೇಷನ್' ಕಂಪನಿ ಕಟ್ಟಿ, ಪುಟ್ಟ ವಿಮಾನಗಳಲ್ಲಿ ಇಲ್ಲಿಂದ ದೋಹಾಕ್ಕೂ ದಹ್ರಾನ್‌ಗೂ ಜನರನ್ನು ಒಯ್ಯತೊಡಗಿದರು. ಮರುವರ್ಷವೇ ಅವರು ವಿಮಾನ ಅಪಘಾತದಲ್ಲಿ ತೀರಿಕೊಂಡರು. ಬ್ರಿಟನ್ನಿನ ಬಿಒಎಸಿ ಸಂಸ್ಥೆ ಪಾಲು ಕೊಂಡು ಕಂಪನಿಯನ್ನು ಉಳಿಸಿತು. ಆಗಿನ ಪ್ರಯಾಣಿಕರು ತೈಲ ಕಂಪನಿಯವರು, ಅಧಿಕಾರಿಗಳು, ವ್ಯಾಪಾರಿಗಳು. ಕೂಲಿನಾಲಿಗೆ ಬರುತ್ತಿದ್ದ ನಮ್ಮ ಹಿರಿಯರಿಗೆ ಮುಂಬಯಿಯಿಂದ ಹೊರಡುವ ಹಡಗೇ ಗತಿ. ಆ ಹಡಗುಗಳಲ್ಲಿ ಕೊನೆಯದಾದ 'ದ್ವಾರಕಾ' 1982ರವರೆಗೂ ಓಡಿತು. ಅದರಲ್ಲೂ ಉಳ್ಳವರಿಗೆ ಕ್ಯಾಬಿನ್, ಉಳಿದವರಿಗೆ ಡೆಕ್.

1974ರಲ್ಲಿ ಬಹ್ರೈನ್, ಕತಾರ್, ಅಬುಧಾಬಿ ಮತ್ತು ಒಮಾನ್ ಸರಕಾರಗಳು ಸೇರಿ ಕಂಪನಿಯನ್ನು ತಮ್ಮದಾಗಿಸಿಕೊಂಡವು. ಗಲ್ಫ್ ಏರ್ ಎಂಬ ಹೆಸರು ಬಂದದ್ದು ಆಗ. 1976ರಲ್ಲಿ ದೊಡ್ಡ ಟ್ರೈಸ್ಟಾರ್ ವಿಮಾನಗಳು ಬಂದವು. ಅದೇ ವರ್ಷ ಜನವರಿ 21ರಂದು ಶಬ್ದಕ್ಕಿಂತ ವೇಗದ ಕಾಂಕಾರ್ಡ್ ವಿಮಾನದ ಸೇವೆ ಆರಂಭವಾದಾಗ, ಬ್ರಿಟಿಷ್ ಏರ್‌ವೇಸ್ ಆರಿಸಿಕೊಂಡ ಮೊದಲ ಮಾರ್ಗ ಲಂಡನ್–ಬಹ್ರೈನ್. ನಮ್ಮ ಕನ್ನಡ ಸಂಘ ಹುಟ್ಟಿದ್ದು ಅದರ ಮರುವರ್ಷ, 1977ರಲ್ಲಿ. ಆ ಕಾಲದಲ್ಲಿ ಗಲ್ಫ್ ಏರ್‌ಗೆ ನೆರೆಹೊರೆಯಲ್ಲಿ ಎದುರಾಳಿಯೇ ಇರಲಿಲ್ಲ ಎನ್ನಬಹುದು. ನಾಲ್ಕು ರಾಜ್ಯಗಳ ಸಿರಿವಂತರು, ಅಧಿಕಾರಿಗಳು ಎಲ್ಲರೂ ಅದೇ ಮುಂದಿನ ಸಾಲಿಗೆ ಬರುತ್ತಿದ್ದರು. ಸೀಟು ಹೊಸದೋ ಹಳೆಯದೋ ಎಂಬ ಪ್ರಶ್ನೆ ಏಳುತ್ತಿರಲಿಲ್ಲ.

ಆಮೇಲೆ ನಡೆದದ್ದು ನಮ್ಮೂರ ಕೂಡುಕುಟುಂಬಗಳಲ್ಲಿ ನಡೆಯುವಂಥದ್ದೇ. 1985ರಲ್ಲಿ ದುಬೈ ಎರಡು ಬಾಡಿಗೆ ವಿಮಾನಗಳಿಂದ ಎಮಿರೇಟ್ಸ್ ಆರಂಭಿಸಿತು. ತನ್ನದೇ ಕತಾರ್ ಏರ್‌ವೇಸ್ ಬೆಳೆಸಿಕೊಂಡ ಕತಾರ್ 2002ರಲ್ಲಿ ಗಲ್ಫ್ ಏರ್‌ನ ಪಾಲು ಬಿಟ್ಟಿತು. 2003ರಲ್ಲಿ ಎತಿಹಾದ್ ಕಟ್ಟಿದ ಅಬುಧಾಬಿ 2005ರಲ್ಲಿ ಹೊರನಡೆಯಿತು. 2007ರಲ್ಲಿ ಒಮಾನ್ ಕೂಡ ಹೊರಟಿತು. ಪಾಲಾದ ಮನೆಯಲ್ಲಿ ಉಳಿದದ್ದು ಬಹ್ರೈನ್ ಒಂದೇ. ನಿನ್ನೆಯ ಪಾಲುದಾರರೇ ಎದುರಾಳಿಗಳಾದರು. ಅವರ ಜೊತೆಗೆ ಮುಂದಿನ ಸಾಲಿನ ಗಿರಾಕಿಗಳೂ ಹೋದರು.

ಹಳೆಯ ಸೀಟಿನ ಸಂಕಟ ಕಾಣಿಸಿಕೊಂಡದ್ದು ಇಲ್ಲಿಂದ. 2000ದಲ್ಲಿ ಬ್ರಿಟಿಷ್ ಏರ್‌ವೇಸ್ ಬಿಸಿನೆಸ್ ಕ್ಲಾಸಿನಲ್ಲೇ ಪೂರ್ತಿ ಮಲಗುವ ಸೀಟು ಹಾಕಿತು. ಮಲಗಿ ಹೋಗುವ ರುಚಿ ಹತ್ತಿದವರು ಒರಗು ಸೀಟಿಗೆ ಅದೇ ದುಡ್ಡು ಕೊಡುವುದಿಲ್ಲ. ಗಲ್ಫ್ ಏರ್ ಅಡುಗೆಯಿಂದ ಮನ ಗೆಲ್ಲಲು ನೋಡಿತು. ಮುಂದಿನ ಸಾಲಿನವರಿಗೆ ವಿಮಾನದಲ್ಲೇ ಬಾಣಸಿಗರನ್ನು ಇರಿಸಿತು. ಇನ್ನೊಂದು ಕಡೆ, 2003ರಲ್ಲಿ ಅಬುಧಾಬಿಯಿಂದ 'ಗಲ್ಫ್ ಟ್ರಾವೆಲರ್' ಎಂಬ ಪೂರಾ ಇಕಾನಮಿ ಸೇವೆ ತೆರೆಯಿತು. ಭಾರತ ಉಪಖಂಡದ ದುಡಿಯುವವರಿಗಾಗಿ, ಅಂದರೆ ನಮ್ಮಂಥವರಿಗಾಗಿ. ಮುಂದಿನ ಸಾಲನ್ನೂ ಹಿಂದಿನ ಸಾಲನ್ನೂ ಬೇರೆ ಮಾಡುವ ಆ ಪ್ರಯೋಗ ಹೆಚ್ಚು ಕಾಲ ಬಾಳಲಿಲ್ಲ. 2007ರಲ್ಲಿ ದಿನಕ್ಕೆ ಹತ್ತು ಲಕ್ಷ ಡಾಲರಿಗೂ ಹೆಚ್ಚು ನಷ್ಟವಾಗುತ್ತಿದೆ ಎಂದು ಸಂಸ್ಥೆಯ ಆಗಿನ ಮುಖ್ಯಸ್ಥರೇ ಹೇಳಿದ್ದರು.

ಸೀಟು ಬದಲಿಸಿದರೆ ಆಯಿತಲ್ಲ ಎನ್ನುವುದು ಸುಲಭ. ಸೀಟಿನ ಬೆಲೆ ಒಂದೆಡೆ, ಕೆಲಸ ಮುಗಿಯುವತನಕ ವಿಮಾನ ಹಾರದೆ ನಿಲ್ಲುವ ನಷ್ಟ ಇನ್ನೊಂದೆಡೆ. ನೂರಾರು ವಿಮಾನಗಳಿರುವ ಕಂಪನಿಗೆ ಒಂದೆರಡು ನಿಂತರೆ ಲೆಕ್ಕಕ್ಕಿಲ್ಲ. ಸಣ್ಣ ಕಂಪನಿಗೆ ಅದು ಒಂದು ಊರಿನ ಸೇವೆಯೇ ನಿಂತಂತೆ. 1999ರಿಂದ ಬಂದ ಏರ್‌ಬಸ್ ಎ330 ವಿಮಾನಗಳು ಸುಮಾರು ಇಪ್ಪತ್ತು ವರ್ಷ ದುಡಿದವು. ಕೊನೆಗೆ 2018ರಲ್ಲಿ ಬೋಯಿಂಗ್ 787-9 ಬಂತು. ಅದರಲ್ಲಿ 282 ಸೀಟು. ಮುಂದಿನ 26 ಸೀಟು ಪೂರ್ತಿ ಹಾಸಿಗೆಯಾಗುತ್ತವೆ. ಕಿಟಕಿ ಬದಿಯವರು ಪಕ್ಕದವರನ್ನು ದಾಟದೆ ಎದ್ದು ಬರಬಹುದು. ಆದರೆ ಅದರ ಹಿಂದಿನ ವರ್ಷವೇ ಕತಾರ್ ಏರ್‌ವೇಸ್ ಬಾಗಿಲಿರುವ ಸೀಟು ತಂದಾಗಿತ್ತು. ಸ್ಪರ್ಧೆ ಅಷ್ಟು ಬಿರುಸು. ಹೊಸದು ಬರುವ ಹೊತ್ತಿಗೇ ಅರ್ಧ ಹಳತು.

ಹಾಗಾದರೆ ಹಳತಾಗುವ ಮುಂದಿನ ಸಾಲು ಸ್ಪರ್ಧೆಯಲ್ಲಿ ಉಳಿಯಬಲ್ಲದೇ? ಇತಿಹಾಸ ಕೊಡುವ ಉತ್ತರ ಮಾರ್ಗವನ್ನು ನೋಡಿಕೊಂಡಿದೆ ಎನ್ನುವುದು ನಮ್ಮ ಅಭಿಪ್ರಾಯ. ಲಂಡನ್ನಿನಿಂದ ಬ್ಯಾಂಕಾಕಿಗೆ ಹೋಗುವವರಿಗೆ ಬಹ್ರೈನ್ ಬರೀ ವಿಮಾನ ಬದಲಿಸುವ ಜಾಗ. ದೋಹಾ, ದುಬೈ ಮೂಲಕವೂ ಅವರು ಹೋಗಬಲ್ಲರು. ಅಲ್ಲಿ ಹಳೆಯ ಸೀಟು ಸೋಲುತ್ತದೆ. ಬಹ್ರೈನ್‌ಗೇ ಬರುವವರು, ಬಹ್ರೈನ್‌ನಿಂದಲೇ ಹೊರಡುವವರು ಬೇರೆ. 1986ರಲ್ಲಿ ಕಿಂಗ್ ಫಹದ್ ಸೇತುವೆ ತೆರೆದ ಮೇಲೆ ಸೌದಿಯ ಖೋಬರ್, ದಮ್ಮಾಮ್ ಕಡೆಯವರಿಗೂ ಮುಹರಕ್ ಕಾರಿನಲ್ಲಿ ಬರುವಷ್ಟು ಹತ್ತಿರವಾಯಿತು. ಇವರಿಗೆ ನೇರ ವಿಮಾನ, ಅನುಕೂಲದ ಸಮಯ ಮುಖ್ಯ. ನಾಲ್ಕೈದು ಗಂಟೆಯ ಹಾರಾಟಕ್ಕೆ ಸೀಟು ಸ್ವಲ್ಪ ಹಳತಾದರೂ ಸಹಿಸುತ್ತಾರೆ. ಹಾಗೆಂದು ಆ ಸಹನೆಯನ್ನೇ ನಂಬಿ ಕೂರುವಂತಿಲ್ಲ. 2025ರಲ್ಲಿ ಇನ್ನೂ 12 ಬೋಯಿಂಗ್ 787 ವಿಮಾನ ಕೊಳ್ಳಲು ಗಲ್ಫ್ ಏರ್ ಮುಂದಾದದ್ದು ಅದಕ್ಕೇ ಇರಬೇಕು.

ಇದರಲ್ಲಿ ನಮ್ಮ ಪಾಲು ಎಲ್ಲಿದೆ? ಇಕಾನಮಿಯ ಎಷ್ಟೋ ಪಟ್ಟು ದರ ಕೊಡುವ ಮುಂದಿನ ಸಾಲು ತುಂಬಿದರೆ, ಹಿಂದೆ ಕೆಲವು ಸೀಟು ಖಾಲಿಯಿದ್ದರೂ ವಿಮಾನ ಹೊರಡುತ್ತದೆ. ಮುಂದಿನ ಸಾಲು ಬರಿದಾದರೆ ಭಾರವೆಲ್ಲ ನಮ್ಮ ಟಿಕೆಟಿನ ಮೇಲೆ ಬೀಳುತ್ತದೆ, ಇಲ್ಲವೇ ಮಾರ್ಗವೇ ನಿಲ್ಲುತ್ತದೆ. 2018ರಲ್ಲಿ ಬೆಂಗಳೂರಿಗೆ ಗಲ್ಫ್ ಏರ್ ನೇರ ಹಾರಾಟ ಶುರುವಾದದ್ದು ನಮಗೆ ಸಣ್ಣ ಸಂಗತಿಯಲ್ಲ. ಕರಾವಳಿಯವರಿಗೆ ಮಾತ್ರ ಬಂಗಾರದ ಗಿಡುಗ ಇನ್ನೂ ಮಂಗಳೂರಿನಲ್ಲಿ ಇಳಿಯುವ ದಿನ ಬಂದಿಲ್ಲ.

ಊರಿನಲ್ಲಿ ಅಮ್ಮನಿಗೆ ಹುಷಾರಿಲ್ಲ ಎಂದು ನಡುರಾತ್ರಿ ಫೋನ್ ಬಂದಾಗ, ಇಲ್ಲಿ ತೀರಿಕೊಂಡ ನಮ್ಮವರೊಬ್ಬರ ದೇಹವನ್ನು ಬೇಗ ಮನೆಗೆ ಮುಟ್ಟಿಸಬೇಕಾದಾಗ, ನೇರ ವಿಮಾನದ ಬೆಲೆ ಏನೆಂದು ಗಲ್ಫ್‌ನಲ್ಲಿ ದುಡಿಯುವವರಿಗೆ ವಿವರಿಸಬೇಕಾಗಿಲ್ಲ. ಹಡಗಿನ ಕಾಲದಲ್ಲಿ ಕ್ಯಾಬಿನ್ ಖಾಲಿಯಿದ್ದರೂ ಡೆಕ್ಕಿನವರಿಂದಲೇ ಹಡಗು ಓಡುತ್ತಿತ್ತು. ವಿಮಾನದ ಲೆಕ್ಕ ಬೇರೆ. ಹಾಗಾಗಿ ಫಾಲ್ಕನ್ ಗೋಲ್ಡ್ ಸೀಟಿನ ಸುದ್ದಿ ಪತ್ರಿಕೆಯಲ್ಲಿ ಕಂಡರೆ ಪುಟ ಮಗುಚದೆ ಓದೋಣ. ಅದು ದೊಡ್ಡವರ ಸುದ್ದಿಯಂತೆ ಕಂಡರೂ, ಮುಂದಿನ ರಜೆಗೆ ನಾವು ಊರಿಗೆ ಹೋಗುವ ದಾರಿ ಅದರೊಳಗಿದೆ.