ಹದಿಮೂರು ಸ್ಥಾನ, ನಾಲ್ಕು ಬ್ಯಾಚು: ಬೇಲರ್ ಬಾಸ್ಕೆಟ್‌ಬಾಲ್ ತಂಡದ ಪುನರ್ನಿರ್ಮಾಣದಲ್ಲಿ ಆಟಗಾರರ ನೇಮಕ ಮತ್ತು ವರ್ಷವಾರು ಸಮತೋಲನ (2003–2021)

1. ಪ್ರಸ್ತಾವನೆ

ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ಕುರಿತ ಬರಹಗಳಲ್ಲಿ ಸೋತ ತಂಡವೊಂದರ ಚೇತರಿಕೆಯನ್ನು ಸಾಮಾನ್ಯವಾಗಿ ತರಬೇತುದಾರನ ಛಲದ ಕಥೆಯಾಗಿಯೋ ಪ್ರತಿಭಾವಂತ ಆಟಗಾರನೊಬ್ಬನ ಆಗಮನದ ಕಥೆಯಾಗಿಯೋ ಹೇಳಲಾಗುತ್ತದೆ. ಎರಡರಲ್ಲೂ ಸತ್ಯಾಂಶವಿದೆ. ಆದರೆ ಅಂಗಳದ ಹೊರಗೆ, ಕೋಚ್‌ನ ಕೊಠಡಿಯ ಗೋಡೆಯ ಮೇಲೆ ಇನ್ನೊಂದು ಲೆಕ್ಕ ಸದಾ ನಡೆಯುತ್ತಿರುತ್ತದೆ: ಯಾವ ಆಟಗಾರ ಯಾವ ವರ್ಷ ಬಂದ, ಯಾವ ವರ್ಷ ಹೋಗುತ್ತಾನೆ, ಅವನ ಜಾಗಕ್ಕೆ ಇಂದು ಯಾರು ಬೆಳೆಯುತ್ತಿದ್ದಾರೆ? ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಈ ಲೆಕ್ಕ ಹೊಸದಲ್ಲ. ತೋಟದ ಮರಗಳೆಲ್ಲ ಒಟ್ಟಿಗೇ ಮುದಿಯಾಗದಿರಲೆಂದು ಹಳೆ ಮರಗಳ ನಡುವೆ ಸಸಿ ನೆಡುವವರು ಅವರು.

ಟೆಕ್ಸಸ್ ರಾಜ್ಯದ ವೇಕೊ ನಗರದ ಬೇಲರ್ ವಿಶ್ವವಿದ್ಯಾಲಯದ ಪುರುಷರ ತಂಡವನ್ನು ಈ ಲೇಖನ ಅಧ್ಯಯನಕ್ಕೆ ಆರಿಸಿಕೊಂಡಿದೆ. 2003ರಲ್ಲಿ ಬಹುತೇಕ ಬರಿದಾದ ಆ ತಂಡ 2021ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಇಲ್ಲಿಯ ವಾದ ಹೀಗಿದೆ: ಪುನರ್ನಿರ್ಮಾಣವೆಂದರೆ ಪ್ರತಿಭೆಯನ್ನು ಕಲೆಹಾಕುವುದಷ್ಟೇ ಅಲ್ಲ, ಅದನ್ನು ಕಾಲದಲ್ಲಿ ಹಂಚುವುದು. ಬೇಲರ್‌ನಲ್ಲಿ ಆ ಹಂಚಿಕೆಗೆ ನೆರವಾದದ್ದು ಮೂಲತಃ ಆಟಗಾರನನ್ನು ಕಟ್ಟಿಹಾಕಲು ರೂಪಿಸಿದ್ದ ಒಂದು ನಿಯಮ.

ಒಂದು ಪದದ ಬಗ್ಗೆ ಸ್ಪಷ್ಟನೆ ಅಗತ್ಯ. ಒಂದೇ ವರ್ಷ ತಂಡ ಸೇರಿದವರ ಗುಂಪನ್ನು ಅಮೆರಿಕದಲ್ಲಿ ‘ಕ್ಲಾಸ್’ ಎನ್ನುತ್ತಾರೆ. ನಮ್ಮಲ್ಲಿ ಕ್ಲಾಸೆಂದರೆ ಪಾಠದ ಕೋಣೆ ನೆನಪಾಗುವುದರಿಂದ, ಕಾಲೇಜು ಹುಡುಗರ ಬಾಯಲ್ಲಿರುವ ‘ಬ್ಯಾಚು’ ಎಂಬ ಮಾತನ್ನೇ ಇಲ್ಲಿ ಬಳಸಿದ್ದೇನೆ.

2. ಮೂರು ಸಂಖ್ಯೆಗಳು

ಬ್ಯಾಚ್ ಸಮತೋಲನದ ಪ್ರಶ್ನೆ ಮೂರು ಸಂಖ್ಯೆಗಳ ನಡುವೆ ಹುಟ್ಟುತ್ತದೆ. ಮೊದಲನೆಯದು 13. ಕಾಲೇಜು ಕ್ರೀಡೆಯನ್ನು ನಿಯಂತ್ರಿಸುವ ಎನ್‌ಸಿಎಎ, ನಮ್ಮ ಅಧ್ಯಯನದ ಅವಧಿಯಲ್ಲಿ ಮೊದಲ ದರ್ಜೆಯ ಪುರುಷರ ತಂಡವೊಂದಕ್ಕೆ ಕೊಡುತ್ತಿದ್ದ ಸ್ಕಾಲರ್‌ಶಿಪ್‌ಗಳ ಮಿತಿ ಅದು. ಎರಡನೆಯದು 4, ಅಂದರೆ ಆಟಗಾರನೊಬ್ಬ ಆಡಬಹುದಾದ ಋತುಗಳು. ಅವನ್ನು ಮುಗಿಸಲು ಅವನಿಗೆ ಐದು ವರ್ಷಗಳ ಅವಕಾಶವಿತ್ತು. ಒಂದು ವರ್ಷ ಆಡದೆ ಅಭ್ಯಾಸದಲ್ಲಷ್ಟೇ ತೊಡಗಿ ಅರ್ಹತೆಯನ್ನು ಉಳಿಸಿಕೊಳ್ಳುವ ಕ್ರಮಕ್ಕೆ ‘ರೆಡ್‌ಶರ್ಟ್’ ಎಂದು ಹೆಸರು. ಮೂರನೆಯದು 200: ಒಂದು ಪಂದ್ಯಕ್ಕೆ 40 ನಿಮಿಷ, ಅಂಗಳದಲ್ಲಿ ಐವರು, ಹಾಗಾಗಿ ಹಂಚಲು ಸಿಗುವುದು ಒಟ್ಟು 200 ಆಟಗಾರ-ನಿಮಿಷ.

ಹದಿಮೂರನ್ನು ನಾಲ್ಕು ಬ್ಯಾಚುಗಳಿಗೆ ಹಂಚಿದರೆ ಮೂರು ಬ್ಯಾಚುಗಳಲ್ಲಿ ಮೂವರು, ಒಂದರಲ್ಲಿ ನಾಲ್ವರು. ಇದು ಆದರ್ಶ ಏಣಿ. ಕುಸಿದ ತಂಡಕ್ಕೆ ಈ ಏಣಿ ಕೈಗೆಟುಕುವುದಿಲ್ಲ. ಜಾಗಗಳು ಒಮ್ಮೆಲೇ ಖಾಲಿಯಾದಾಗ ಒಮ್ಮೆಲೇ ತುಂಬುವ ಆಸೆ ಸಹಜ. ಒಂದೇ ವರ್ಷ ಎಂಟು ಹೊಸಬರನ್ನು ತಂದ ಕೋಚ್ ಮೂರನೆಯ, ನಾಲ್ಕನೆಯ ವರ್ಷದಲ್ಲಿ ಅನುಭವದ ಫಲ ಉಣ್ಣುತ್ತಾನೆ. ಐದನೆಯ ವರ್ಷ ಎಂಟು ಜಾಗ ಮತ್ತೆ ಖಾಲಿ. ಅಷ್ಟೇ ಅಲ್ಲ, ಮೊದಲ ಬ್ಯಾಚಿನ ಎಂಟು ಮಂದಿಯೇ 200 ನಿಮಿಷಗಳನ್ನು ನುಂಗಿದ್ದರಿಂದ ನಂತರದ ಬ್ಯಾಚುಗಳ ಹುಡುಗರು ಬೆಂಚಿನಲ್ಲೇ ಉಳಿದಿರುತ್ತಾರೆ ಅಥವಾ ಬೇರೆ ಕಾಲೇಜಿಗೆ ಹೋಗಿಬಿಟ್ಟಿರುತ್ತಾರೆ.

ಇದನ್ನು ನಿಯಮದ ಬಲದಿಂದ ತಡೆಯುವ ಪ್ರಯತ್ನವೂ ನಡೆದಿತ್ತು. ಒಂದು ವರ್ಷದಲ್ಲಿ ಐದಕ್ಕಿಂತ, ಸತತ ಎರಡು ವರ್ಷಗಳಲ್ಲಿ ಎಂಟಕ್ಕಿಂತ ಹೆಚ್ಚು ಹೊಸ ಸ್ಕಾಲರ್‌ಶಿಪ್ ಕೊಡಕೂಡದೆಂಬ ‘ಐದು-ಎಂಟು’ ನಿಯಮವನ್ನು ಎನ್‌ಸಿಎಎ ತಂದಿತು. ಆಟಗಾರರನ್ನು ಓಡಿಸಿ ಹೊಸಬರನ್ನು ತುಂಬುವ ಕೋಚ್‌ಗಳಿಗೆ ಕಡಿವಾಣ ಹಾಕುವುದು ಅದರ ಉದ್ದೇಶ. ಆದರೆ ತನ್ನದಲ್ಲದ ತಪ್ಪಿಗೆ ಆಟಗಾರರನ್ನು ಕಳೆದುಕೊಂಡ ತಂಡಕ್ಕೂ ಅದು ಅಷ್ಟೇ ಬಿಗಿಯಾಗಿತ್ತು. 2004ರಲ್ಲಿ ಈ ನಿಯಮ ರದ್ದಾಯಿತು. ಅದೇ ಕಾಲಕ್ಕೆ ರೂಪುಗೊಂಡ ಶೈಕ್ಷಣಿಕ ಪ್ರಗತಿ ದರವು ಬೇರೆ ದಾರಿಯಿಂದ ಅದೇ ಗುರಿಯನ್ನು ಹಿಡಿಯಿತು. ಪ್ರತಿ ಅವಧಿಗೆ ಆಟಗಾರನೊಬ್ಬನಿಗೆ ಎರಡು ಅಂಕ: ಓದಿನಲ್ಲಿ ಅರ್ಹನಾಗಿದ್ದರೆ ಒಂದು, ಕಾಲೇಜಿನಲ್ಲೇ ಉಳಿದರೆ ಇನ್ನೊಂದು. ಸಿಕ್ಕವರನ್ನೆಲ್ಲ ಸೇರಿಸಿ ಮರುವರ್ಷ ಬಿಡುವ ತಂಡಕ್ಕೆ ಅಂಕ ಕಡಿಮೆಯಾಗಿ ಶಿಕ್ಷೆ ಕಾದಿರುತ್ತದೆ.

3. ಬರಿದಾದ ಅಂಗಳ: 2003–2006

2003ರ ಬೇಸಿಗೆಯಲ್ಲಿ ಬೇಲರ್ ಆಟಗಾರ ಪ್ಯಾಟ್ರಿಕ್ ಡೆನೆಹಿ ಕೊಲೆಯಾದ. ಸಹ ಆಟಗಾರನಾಗಿದ್ದ ಕಾರ್ಲ್ಟನ್ ಡಾಟ್ಸನ್ 2005ರಲ್ಲಿ ತಪ್ಪೊಪ್ಪಿಕೊಂಡು 35 ವರ್ಷಗಳ ಶಿಕ್ಷೆಗೆ ಗುರಿಯಾದ. ತನಿಖೆಯಲ್ಲಿ ಬಯಲಾದ ಸಂಗತಿಗಳಿಂದ ಕೋಚ್ ಡೇವ್ ಬ್ಲಿಸ್ 2003ರ ಆಗಸ್ಟ್‌ನಲ್ಲಿ ರಾಜೀನಾಮೆ ಕೊಟ್ಟರು. ಅವುಗಳಲ್ಲಿ ಒಂದು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು: ಸ್ಕಾಲರ್‌ಶಿಪ್ ಇಲ್ಲದ ಇಬ್ಬರ ಶುಲ್ಕ ನಿಯಮಬಾಹಿರವಾಗಿ ಪಾವತಿಯಾಗಿತ್ತು, ಅವರಲ್ಲೊಬ್ಬ ಡೆನೆಹಿ. ಮಿತಿಯ ಆಚೆಗೆ ಆಟಗಾರರನ್ನು ಇಟ್ಟುಕೊಳ್ಳುವ ಆಸೆ ಹಗರಣದ ಒಂದು ಬೇರಾಗಿತ್ತೆಂಬುದನ್ನು ಮರೆಯಬಾರದು.

ಉಳಿದ ಆಟಗಾರರಿಗೆ ಬೇರೆ ಕಾಲೇಜಿಗೆ ಹೋಗಿ ತಕ್ಷಣ ಆಡಲು ಅನುಮತಿ ದೊರೆಯಿತು. ಲಾರೆನ್ಸ್ ರಾಬರ್ಟ್ಸ್ ಮಿಸಿಸಿಪ್ಪಿ ಸ್ಟೇಟ್‌ಗೆ, ಜಾನ್ ಲೂಕಸ್ ಒಕ್ಲಹೋಮ ಸ್ಟೇಟ್‌ಗೆ, ಕೆನ್ನಿ ಟೇಲರ್ ಟೆಕ್ಸಸ್‌ಗೆ ಹೋದರು. ಮರುವರ್ಷ ಲೂಕಸ್‌ನ ಹೊಸ ತಂಡ, ರಾಷ್ಟ್ರೀಯ ಚಾಂಪಿಯನ್ ಯಾರೆಂದು ನಿರ್ಧರಿಸುವ ಎನ್‌ಸಿಎಎ ಟೂರ್ನಿಯ ಅಂತಿಮ ನಾಲ್ಕರ ಹಂತ ತಲುಪಿತು. ಏಣಿಯ ಮೇಲಿನ ಮೆಟ್ಟಿಲುಗಳೇ ಹೀಗೆ ಕಳಚಿಬಿದ್ದವು.

ಇಂಥ ತಂಡಕ್ಕೆ ಬಂದವರು ವಾಲ್ಪರೈಸೊ ವಿಶ್ವವಿದ್ಯಾಲಯದಲ್ಲಿ ಒಂದೇ ಋತು ಮುಖ್ಯ ಕೋಚ್ ಆಗಿದ್ದ 32 ವರ್ಷದ ಸ್ಕಾಟ್ ಡ್ರೂ. ಸ್ಕಾಲರ್‌ಶಿಪ್ ಇಲ್ಲದ ಹುಡುಗರನ್ನೂ ಸೇರಿಸಿಕೊಂಡು ಆಡಿದ ಮೊದಲ ಋತುವಿನಲ್ಲಿ 8 ಗೆಲುವು, 21 ಸೋಲು. ಎರಡನೆಯದರಲ್ಲಿ 9 ಗೆಲುವು, 19 ಸೋಲು. ಬೇಲರ್ ಸದಸ್ಯನಾಗಿರುವ ಬಿಗ್ ಟ್ವೆಲ್ವ್ ಎಂಬ ಕಾಲೇಜು ಕೂಟದ 16 ಪಂದ್ಯಗಳಲ್ಲಿ ಗೆದ್ದದ್ದು ಒಂದೇ. 2005ರಲ್ಲಿ ಎನ್‌ಸಿಎಎ ಅಪರೂಪದ ಶಿಕ್ಷೆ ವಿಧಿಸಿತು: 2005–06ರಲ್ಲಿ ಕೂಟದ ಹೊರಗಿನ ಒಂದು ಪಂದ್ಯವನ್ನೂ ಆಡುವಂತಿಲ್ಲ. ಇತರ ತಂಡಗಳು ನವೆಂಬರ್‌ನಲ್ಲಿ ಆರಂಭಿಸಿದರೆ ಬೇಲರ್ ಜನವರಿವರೆಗೆ ಕಾಯಬೇಕಾಯಿತು. ಹೊಸಬರು ತಪ್ಪು ಮಾಡಿ ಕಲಿಯುವುದು ಆ ಆರಂಭದ ಪಂದ್ಯಗಳಲ್ಲೇ. ಬೇಲರ್‌ನ ಹುಡುಗರು ನೇರವಾಗಿ ಬಲಿಷ್ಠರ ಎದುರು ನಿಂತರು. ಫಲಿತಾಂಶ 4 ಗೆಲುವು, 13 ಸೋಲು.

4. ಏಣಿ ಕಟ್ಟಿದ ಬಗೆ: 2004–2012

ಸೋತ, ಕಳಂಕ ಹೊತ್ತ ತಂಡದ ಕೋಚ್ ಹುಡುಗನೊಬ್ಬನ ಮನೆಯ ಜಗಲಿಯಲ್ಲಿ ಕೂತು ಏನು ಕೊಡಬಲ್ಲ? ಗೆಲುವಿನ ಭರವಸೆ ಕೊಡಲಾರ. ಕೊಡಬಹುದಾದದ್ದು ನಿಮಿಷಗಳನ್ನು ಮಾತ್ರ. ಬಂದ ಮೊದಲ ವರ್ಷವೇ ಅಂಗಳದಲ್ಲಿರುತ್ತೀಯ ಎಂಬ ಮಾತು ದೊಡ್ಡ ತಂಡಗಳು ಆಡಲಾಗದ್ದು. ಆಸ್ಟ್ರೇಲಿಯಾದ ಆರನ್ ಬ್ರೂಸ್ 2004ರಲ್ಲಿ ಬಂದು ಮೊದಲ ಋತುವಿನಲ್ಲೇ ತಂಡದ ಮುಖ್ಯ ಸ್ಕೋರರ್ ಆದ. 2005ರ ಬ್ಯಾಚಿನಲ್ಲಿ ಟೆಕ್ಸಸ್‌ನವರೇ ಆದ ಕರ್ಟಿಸ್ ಜೆರೆಲ್ಸ್, ಕೆವಿನ್ ರಾಜರ್ಸ್, ಹೆನ್ರಿ ಡುಗಾಟ್ ಜೊತೆಗೆ ಸೆನೆಗಲ್‌ನ ಮಮಾಡು ಡಿಯೆನ್ ಬಂದರು. 2006ರಲ್ಲಿ ಟ್ವೀಟಿ ಕಾರ್ಟರ್ ಮತ್ತು ಜಾಶ್ ಲೋಮರ್ಸ್, 2007ರಲ್ಲಿ ಲೇಸ್‌ಡೇರಿಯಸ್ ಡನ್.

2007–08ರ ತಂಡವನ್ನು ವರ್ಷವಾರು ಜೋಡಿಸಿದರೆ ಏಣಿ ಕಣ್ಣಿಗೆ ಕಾಣುತ್ತದೆ: ನಾಲ್ಕನೆಯ ವರ್ಷದಲ್ಲಿ ಬ್ರೂಸ್, ಮೂರನೆಯದರಲ್ಲಿ ಜೆರೆಲ್ಸ್, ರಾಜರ್ಸ್, ಡುಗಾಟ್, ಡಿಯೆನ್, ಎರಡನೆಯದರಲ್ಲಿ ಕಾರ್ಟರ್, ಲೋಮರ್ಸ್, ಮೊದಲನೆಯದರಲ್ಲಿ ಡನ್. ಆ ವರ್ಷ ಬೇಲರ್ 21 ಪಂದ್ಯ ಗೆದ್ದು 1988ರ ನಂತರ ಮೊದಲ ಬಾರಿಗೆ ಎನ್‌ಸಿಎಎ ಟೂರ್ನಿಗೆ ಹೋಯಿತು. ಇಲ್ಲಿ ಎರಡು ಸಂಗತಿ ಗಮನಾರ್ಹ. ಕಿರಿಯರು ಬಂದಂತೆ ಬ್ರೂಸ್‌ನ ಅಂಕಗಳ ಸರಾಸರಿ ಇಳಿಯಿತು. ಮೊದಲ ಬ್ಯಾಚಿಗೆ ಕೊಟ್ಟ ನಿಮಿಷಗಳನ್ನು ಮುಂದಿನವರಿಗಾಗಿ ಹಿಂಪಡೆಯದೆ ಏಣಿ ನಿಲ್ಲುವುದಿಲ್ಲ. ಎರಡನೆಯದಾಗಿ, ಮೂರನೆಯ ವರ್ಷದ ಮೆಟ್ಟಿಲು ಭಾರವಾಗಿತ್ತು. 2009ರಲ್ಲಿ ನಾಲ್ವರೂ ಒಟ್ಟಿಗೆ ಹೊರಟಾಗ ತಂಡ ಕುಸಿಯಬೇಕಿತ್ತು.

ಕುಸಿಯಲಿಲ್ಲ. 2009–10ರಲ್ಲಿ 28 ಗೆಲುವಿನೊಂದಿಗೆ ಅಂತಿಮ ಎಂಟರ ಹಂತಕ್ಕೆ ಹೋಗಿ, ಆ ವರ್ಷ ಚಾಂಪಿಯನ್ ಆದ ಡ್ಯೂಕ್ ಎದುರು 78–71ರಿಂದ ಸೋತಿತು. ಕಾರ್ಟರ್, ಲೋಮರ್ಸ್ ಆಗ ನಾಲ್ಕನೆಯ ವರ್ಷದವರು, ಡನ್ ಮೂರನೆಯ ವರ್ಷದವನು. ಇವರ ಜೊತೆಗೆ ಇನ್ನೊಬ್ಬ ಇದ್ದ, ಮಿಷಿಗನ್‌ನಿಂದ ಬಂದ ಎಕ್ಪೆ ಯುಡೊ. ಕಾಲೇಜು ಬದಲಿಸಿದವರು ಒಂದು ವರ್ಷ ಪಂದ್ಯವಾಡದೆ ಕೂರಬೇಕೆಂಬ ಅಂದಿನ ನಿಯಮದಂತೆ ಅವನು 2008–09ರಲ್ಲಿ ಅಭ್ಯಾಸದಲ್ಲಷ್ಟೇ ಇದ್ದ. ನಾಲ್ವರು ಹೊರಡುವ ಹೊತ್ತಿಗೆ ಸಿದ್ಧನಾಗಿ ನಿಂತಿದ್ದ.

ಮರುವರ್ಷ ಏಣಿಯ ಇನ್ನೊಂದು ದೋಷ ಬಯಲಾಯಿತು. ಯುಡೊ ಒಂದೇ ಋತು ಆಡಿ ವೃತ್ತಿಪರ ಲೀಗ್ ಎನ್‌ಬಿಎಗೆ ಹೋದ. ಕಾರ್ಟರ್ ಓದು ಮುಗಿಸಿದ. ಸಂಖ್ಯೆಯಲ್ಲಿ ಬ್ಯಾಚುಗಳು ಸಮವಾಗಿದ್ದರೂ ಆಟವನ್ನು ನಡೆಸುವ ಪಾಯಿಂಟ್ ಗಾರ್ಡ್‌ನ ಜಾಗದಲ್ಲಿ ಅನುಭವಿಗಳಿರಲಿಲ್ಲ. 2010–11ರಲ್ಲಿ 18 ಗೆಲುವು, 13 ಸೋಲು. ಋತುವಿನ ಕೊನೆಯ ಯಾವ ಟೂರ್ನಿಗೂ ಪ್ರವೇಶವಿಲ್ಲ. ಆದ್ದರಿಂದ ಬ್ಯಾಚಿನ ಲೆಕ್ಕವನ್ನು ಒಂದೇ ಸಾಲಿನಲ್ಲಿ ಬರೆದರೆ ಸಾಲದು. ಅಡ್ಡಕ್ಕೆ ವರ್ಷ, ಉದ್ದಕ್ಕೆ ಆಟದ ಸ್ಥಾನ ಇರುವ ಕೋಷ್ಟಕ ಬೇಕು. ಡ್ರೂ ಆ ಕೋಷ್ಟಕದ ಖಾಲಿ ಮನೆಯನ್ನು ತುಂಬಿದ್ದು ಎರಡು ವರ್ಷದ ಕಾಲೇಜಿನಿಂದ ಪಿಯರ್ ಜಾಕ್ಸನ್‌ನನ್ನು ಕರೆತಂದು. ಅಂಥ ಆಟಗಾರನಿಗೆ ಉಳಿದಿರುವುದು ಎರಡೇ ಋತು, ಆದರೆ ಅವನು ಏಣಿಯ ನಡುವಿನ ಮೆಟ್ಟಿಲಿಗೇ ನೇರವಾಗಿ ಹತ್ತುತ್ತಾನೆ. 2011–12ರಲ್ಲಿ 30 ಗೆಲುವು, ಮತ್ತೊಮ್ಮೆ ಅಂತಿಮ ಎಂಟು.

5. ಕಾಯುವ ವರ್ಷದ ಕಣಜ: 2018–2021

ಯುಡೊ ಪ್ರಸಂಗದಲ್ಲಿ ಕಂಡದ್ದು ಮುಂದೆ ಪದ್ಧತಿಯೇ ಆಯಿತು. 2018–19ರಲ್ಲಿ ಆಬರ್ನ್‌ನಿಂದ ಬಂದ ಡೇವಿಯನ್ ಮಿಚೆಲ್, ಆಶ್‌ವಿಲ್‌ನಿಂದ ಬಂದ ಮೇಸಿಯೊ ಟೀಗ್ ಇಬ್ಬರೂ ಆಡದೆ ಕೂತರು. ಅವರಿಲ್ಲದೆಯೂ ತಂಡ 20 ಪಂದ್ಯ ಗೆದ್ದಿತು. 2019–20ರಲ್ಲಿ ಅವರಿಬ್ಬರೂ ಅಂಗಳಕ್ಕಿಳಿದಾಗ ಪ್ರೆಸ್ಬಿಟೇರಿಯನ್ ಕಾಲೇಜಿನ ಆಡಮ್ ಫ್ಲಾಗ್ಲರ್, ನೆವಾಡಾ ಲಾಸ್ ವೇಗಸ್‌ನ ಜೊನಾಥನ್ ಚಾಮ್ವಾ ಚಾಚುವಾ ಕಾಯುವ ಸರದಿಗೆ ಬಂದರು. ಆ ವರ್ಷ 26 ಗೆಲುವು, 4 ಸೋಲು; ಕೋವಿಡ್ ಕಾರಣ ಟೂರ್ನಿಯೇ ರದ್ದಾಯಿತು.

2021ರ ಏಪ್ರಿಲ್ 5ರಂದು ಇಂಡಿಯಾನಾಪೊಲಿಸ್‌ನಲ್ಲಿ ಅಜೇಯವಾಗಿದ್ದ ಗೊಂಜಾಗವನ್ನು 86–70ರಿಂದ ಮಣಿಸಿದ ತಂಡದಲ್ಲಿ ಈ ನಾಲ್ವರೂ ಇದ್ದರು. ಜೊತೆಗೆ ರೆಡ್‌ಶರ್ಟ್ ವರ್ಷ ಕಳೆದು ಬೆಳೆದ ಮಾರ್ಕ್ ವೈಟಲ್, 2018ರ ಬ್ಯಾಚಿನ ಫ್ಲೋ ಥಾಂಬಾ, ಮ್ಯಾಥ್ಯೂ ಮೇಯರ್, ಅಲಬಾಮಾ ಬಿಟ್ಟು ಬಂದು ವಿಶೇಷ ಅನುಮತಿಯಿಂದ ತಕ್ಷಣ ಆಡಿದ್ದ ಜ್ಯಾರೆಡ್ ಬಟ್ಲರ್. ಫೈನಲ್‌ನಲ್ಲಿ 22 ಅಂಕ ಗಳಿಸಿದ ಬಟ್ಲರ್ ಅಂತಿಮ ನಾಲ್ಕರ ಶ್ರೇಷ್ಠ ಆಟಗಾರನೆನಿಸಿದ.

ಕಾಯುವ ವರ್ಷವನ್ನು ರೂಪಿಸಿದ್ದು ಆಟಗಾರ ಕಾಲೇಜಿನಿಂದ ಕಾಲೇಜಿಗೆ ಹಾರದಂತೆ ತಡೆಯಲು. ವಾಸ್ತವದಲ್ಲಿ ಅದು ಬೇಲರ್‌ಗೆ ಕಣಜದಂತೆ ಒದಗಿತು. ಕೂತವನು 200 ನಿಮಿಷಗಳಲ್ಲಿ ಒಂದನ್ನೂ ಕೇಳುವುದಿಲ್ಲ. ಪ್ರತಿದಿನದ ಅಭ್ಯಾಸದಲ್ಲಿ ಮಾತ್ರ ಮುಖ್ಯ ತಂಡವನ್ನು ಎದುರಿಸಿ ಎರಡೂ ಕಡೆಯವರನ್ನು ಹರಿತಗೊಳಿಸುತ್ತಾನೆ. ತಂಡದ ರಕ್ಷಣಾ ಪದ್ಧತಿಯನ್ನು ಒಂದು ವರ್ಷ ಮೊದಲೇ ಕಲಿಯುತ್ತಾನೆ. ನಾಲ್ಕು ಬ್ಯಾಚುಗಳ ಪಕ್ಕದಲ್ಲಿ ಕಣ್ಣಿಗೆ ಬೀಳದ ಐದನೆಯ ಬ್ಯಾಚೊಂದು ಹೀಗೆ ಸದಾ ತಯಾರಾಗುತ್ತಿತ್ತು. ಅದರ ಬೆಲೆ ತೆತ್ತವನು ಆಟಗಾರ: ಇಪ್ಪತ್ತರ ಹರೆಯದ ಒಂದಿಡೀ ವರ್ಷ.

ಈ ವಾದಕ್ಕೆ ಎದುರಾಗುವ ನಿದರ್ಶನವೂ ಉಂಟು. 2012ರಲ್ಲಿ ಬೇಲರ್ ತಂಡವನ್ನು 82–70ರಿಂದ ಸೋಲಿಸಿ ಮುಂದೆ ಪ್ರಶಸ್ತಿ ಗೆದ್ದ ಕೆಂಟಕಿ ತಂಡದ ತಾರೆ ಮೊದಲ ವರ್ಷದ ಆ್ಯಂಥನಿ ಡೇವಿಸ್. ಏಣಿಯಿಲ್ಲದೆಯೂ ಗೆಲ್ಲಬಹುದೆಂಬುದು ಅದರಿಂದ ಸ್ಪಷ್ಟ. ಆದರೆ ದೇಶದ ಅತ್ಯುತ್ತಮ ಹುಡುಗರು ಪ್ರತಿವರ್ಷ ತಾವಾಗಿ ಬಾಗಿಲು ತಟ್ಟುವ ಸಂಸ್ಥೆಗೆ ಮಾತ್ರ ಆ ದಾರಿ ತೆರೆದಿರುತ್ತದೆ. ಕುಸಿದು ಎದ್ದ ತಂಡಕ್ಕೆ ಆ ಭಾಗ್ಯವಿರುವುದಿಲ್ಲ.

6. ನಿಯಮ ಬದಲಾದ ಮೇಲೆ

2018ರ ಅಕ್ಟೋಬರ್‌ನಲ್ಲಿ, ಕಾಲೇಜು ಬದಲಿಸಬಯಸುವವರ ಹೆಸರು ನೋಂದಾಯಿಸುವ ಟ್ರಾನ್ಸ್‌ಫರ್ ಪೋರ್ಟಲ್ ಆರಂಭವಾಯಿತು. 2021ರಲ್ಲಿ ಒಮ್ಮೆ ಕೂರದೆಯೇ ಕಾಲೇಜು ಬದಲಿಸುವ ಅವಕಾಶ ಸಿಕ್ಕಿತು. ಅದೇ ಜುಲೈಯಿಂದ ಹೆಸರು, ಚಿತ್ರಗಳ ಬಳಕೆಗೆ ಹಣ ಪಡೆಯುವ ಹಕ್ಕೂ ದೊರೆಯಿತು. 2024ರಲ್ಲಿ, ಓದಿನಲ್ಲಿ ಅರ್ಹರಿದ್ದವರಿಗೆ ಎಷ್ಟು ಸಲವಾದರೂ ಬದಲಿಸುವ ದಾರಿ ತೆರೆಯಿತು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ‘ಹೌಸ್’ ಮೊಕದ್ದಮೆಯ ಇತ್ಯರ್ಥದ ನಂತರ, ಅದಕ್ಕೆ ಒಳಪಟ್ಟ ಕಾಲೇಜುಗಳಲ್ಲಿ 13ರ ಮಿತಿ ಹೋಗಿ 15 ಆಟಗಾರರ ತಂಡದ ಮಿತಿ ಬಂತು. ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದಾಯಿತು.

ನಮ್ಮ ಮೂರು ಸಂಖ್ಯೆಗಳಲ್ಲಿ ಅರ್ಥ ಬದಲಾಗದೆ ಉಳಿದದ್ದು 200 ಮಾತ್ರ. ಆಟಗಾರನಿಗೆ ನಾಲ್ಕು ಋತುಗಳ ಅರ್ಹತೆ ಇದ್ದರೂ ಅವು ಒಂದೇ ಅಂಗಳದಲ್ಲಿ ಕಳೆಯುತ್ತವೆಂಬ ಖಾತ್ರಿ ಹೋಯಿತು. 2024–25ರಲ್ಲಿ ಮೊದಲ ವರ್ಷದಲ್ಲೇ ಬೇಲರ್‌ಗೆ ಗಾರ್ಡ್ ಆಗಿ ಆಡಿದ ರಾಬರ್ಟ್ ರೈಟ್ ಮರುವರ್ಷ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯ ಸೇರಿದ. ಅದೇ ಋತುವಿನ ಇನ್ನೊಬ್ಬ ಹೊಸ ಆಟಗಾರ ವಿ. ಜೆ. ಎಜ್‌ಕಂಬ್ ಎನ್‌ಬಿಎಗೆ ನಡೆದ. ಹಿಂದಿನ ಲೆಕ್ಕದಲ್ಲಿ ಇವರು 2028ರವರೆಗಿನ ಮೆಟ್ಟಿಲುಗಳು.

ಹೀಗಾಗಿ ಪುನರ್ನಿರ್ಮಾಣದ ವೇಗ ಹೆಚ್ಚಿದೆ, ಬಾಳಿಕೆ ಕುಗ್ಗಿದೆ. 2003ರಲ್ಲಿ ಬರಿದಾದ ತಂಡ ಟೂರ್ನಿ ಕಾಣಲು ಐದು ಋತು ಹಿಡಿಯಿತು. ಇಂದು ಅನುಭವಿಗಳನ್ನು ಒಂದೇ ಬೇಸಿಗೆಯಲ್ಲಿ ತರಬಹುದು, ಒಂದೇ ಬೇಸಿಗೆಯಲ್ಲಿ ಕಳೆದುಕೊಳ್ಳಲೂಬಹುದು. ನೇಮಕದ ಮಾತಿನ ಸ್ವರೂಪವೂ ಬದಲಾಗಿದೆ. ಹೊಸ ಹುಡುಗನ ಮನೆಗೆ ಹೋಗುವ ಕೋಚ್ ಪ್ರತಿ ವಸಂತದಲ್ಲಿ ತನ್ನದೇ ತಂಡದ ಹುಡುಗನನ್ನೂ ಮತ್ತೊಮ್ಮೆ ಒಲಿಸಿಕೊಳ್ಳಬೇಕು.

7. ಉಪಸಂಹಾರ

ಒಂದೇ ತಂಡದ ಅಧ್ಯಯನದಿಂದ ಸಾರ್ವತ್ರಿಕ ಸೂತ್ರ ತೆಗೆಯಲಾಗದು. ಬಿಗ್ ಟ್ವೆಲ್ವ್‌ನಂಥ ಶ್ರೀಮಂತ ಕೂಟದ ಸದಸ್ಯತ್ವ, ಆಟಗಾರರು ಹೇರಳವಾಗಿರುವ ಟೆಕ್ಸಸ್‌ನ ನೆಲ, ಸತತ ಸೋಲಿನಲ್ಲೂ ಕೋಚ್‌ನನ್ನು ಬದಲಿಸದ ಆಡಳಿತ ಇವೂ ಬೇಲರ್‌ನ ಏಳಿಗೆಗೆ ಕಾರಣ. ಆದರೂ 2008, 2010, 2012, 2021ರ ತಂಡಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಅಂಶ ನಿಲ್ಲುತ್ತದೆ: ನಾಲ್ಕೂ ಬೇರೆ ಬೇರೆ ವರ್ಷ ಬಂದವರ ತಂಡಗಳು, ನಾಲ್ಕರಲ್ಲೂ ಹೊರಡುವವರ ಹಿಂದೆ ಸಿದ್ಧರಾದವರಿದ್ದರು. 2011ರ ತಂಡದಲ್ಲಿ ಒಂದು ಸ್ಥಾನಕ್ಕೆ ಅಂಥವರಿರಲಿಲ್ಲ.

ಕಾಯುವ ವರ್ಷವನ್ನು ತೆಗೆದದ್ದು ಆಟಗಾರನ ಮಟ್ಟಿಗೆ ನ್ಯಾಯ. ಕೋಚ್ ಬಯಸಿದಾಗ ಬೇರೆ ಊರಿಗೆ ಹೋಗಿ ಮರುದಿನವೇ ಕೆಲಸ ಆರಂಭಿಸುವಾಗ ಹುಡುಗನೊಬ್ಬನೇ ವರ್ಷವಿಡೀ ಕೂರಬೇಕೆಂಬುದಕ್ಕೆ ಸಮರ್ಥನೆಯಿರಲಿಲ್ಲ. ಆ ನ್ಯಾಯದ ಜೊತೆಗೇ, ಕುಸಿದ ತಂಡವೊಂದು ನಿಧಾನವಾಗಿ ಏಣಿ ಕಟ್ಟುವ ಸಾಧನವೂ ಕೈತಪ್ಪಿತು. 2003ರಲ್ಲಿ ಬೇಲರ್ ಬಿಟ್ಟ ಆಟಗಾರರಿಗೆ ದುರಂತದ ಕಾರಣಕ್ಕೆ ಸಿಕ್ಕಿದ್ದ ತಕ್ಷಣ ಆಡುವ ವಿನಾಯಿತಿ ಇಂದು ಓದಿನಲ್ಲಿ ಅರ್ಹರಾದ ಎಲ್ಲರ ಹಕ್ಕಾಗಿದೆ. ಅಂದು ಒಂದು ತಂಡವನ್ನು ಒಮ್ಮೆ ಬರಿದು ಮಾಡಿದ ಸ್ಥಿತಿಯನ್ನು ಇಂದು ಪ್ರತಿಯೊಂದು ತಂಡವೂ ಪ್ರತಿವರ್ಷ ಎದುರಿಸಲು ಸಿದ್ಧವಾಗಿರಬೇಕು. ಪುನರ್ನಿರ್ಮಾಣ ಎಂಬ ಪದ ಈಗ ಕುಸಿದ ತಂಡಗಳಿಗೆ ಮಾತ್ರ ಸಲ್ಲುವುದಿಲ್ಲ.