ಹೆಂಚಿನ ಮಾಡಿನ ತಂಪು

ಗಾಳಿಯನ್ನು ಹದಗೊಳಿಸುವ ಯಂತ್ರವನ್ನು 1902ರಲ್ಲಿ ಅಮೆರಿಕದ ವಿಲಿಸ್ ಕ್ಯಾರಿಯರ್ ರೂಪಿಸಿದುದು ಮನುಷ್ಯರ ಸುಖಕ್ಕಾಗಿ ಅಲ್ಲ. ಬ್ರೂಕ್ಲಿನ್ನಿನ ಮುದ್ರಣಾಲಯವೊಂದರಲ್ಲಿ ಕಾಗದವು ತೇವಕ್ಕೆ ಹಿಗ್ಗಿ ಕುಗ್ಗದಿರಲೆಂದು. ಅಷ್ಟರಲ್ಲಿ ನಮ್ಮ ಕರಾವಳಿಯ ಮನೆಗಳಲ್ಲಿ ಮಂಗಳೂರಿನ ಹೆಂಚು ಮನುಷ್ಯರಿಗಾಗಿಯೇ ಆ ಕಾರ್ಯವನ್ನು ತೊಡಗಿ ಹಲವು ದಶಕಗಳಾಗಿದ್ದುವು.

ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್‌ಸ್ಟ್ ನೇತ್ರಾವತಿ, ಗುರುಪುರ ನದಿಗಳ ದಡದ ಜೇಡಿಮಣ್ಣನ್ನು ಪರೀಕ್ಷಿಸಿ, 1865ರಲ್ಲಿ ಹೆಂಚಿನ ಕಾರ್ಖಾನೆಗೆ ಅಡಿಪಾಯ ಹಾಕಿದನು. ಮೊದಲಿಗೆ ಮಣ್ಣನ್ನು ಅರೆಯುವುದಕ್ಕೆ ಎತ್ತುಗಳೇ ಆಧಾರ. ಮೂರೇ ವರ್ಷಗಳಲ್ಲಿ, 1868ರಲ್ಲಿ, ಸ್ಥಳೀಯರಾದ ಆಲ್ಬುಕರ್ಕ್ ಮನೆತನದವರೂ ಈ ಉದ್ಯಮಕ್ಕಿಳಿದರು.

ಈ ಹೆಂಚಿನ ಗುಣವೇನು? ರೀಪಿನ ಮೇಲೆ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಕೂರುತ್ತದೆಯೇ ಹೊರತು ಗಾರೆಯ ಹಂಗಿಲ್ಲ. ಒಳಗೆ ಕಾದ ಗಾಳಿಯು ಮೇಲೇರಿ ಸಂದುಗಳಿಂದ ಹೊರಬೀಳುತ್ತದೆ. ಕೆಳಗಿನ ಕಿಟಕಿಯಿಂದ ಹೊಸ ಗಾಳಿ ಒಳನುಗ್ಗುತ್ತದೆ. ಮರದ ಮುಚ್ಚಿಗೆಯಿದ್ದರಂತೂ ಬಿಸಿಯೆಲ್ಲ ಅಟ್ಟದಲ್ಲಿಯೇ ಉಳಿಯುತ್ತದೆ. ಸಂಜೆಯಾದೊಡನೆ ತೆಳುವಾದ ಹೆಂಚು ತಣಿಯುತ್ತದೆ. ಕಾಂಕ್ರೀಟಿನ ಚಾವಣಿಯೋ, ಹಗಲೆಲ್ಲ ಕುಡಿದ ಬಿಸಿಲನ್ನು ನಾವು ಮಲಗುವ ಹೊತ್ತಿಗೆ ಕಾರುತ್ತದೆ.

ಆದರೂ ನಿಷ್ಪಕ್ಷಪಾತವಾಗಿ ಹೇಳುವುದಾದರೆ, ಹೆಂಚಿಗಿಂತ ಮುಳಿಹುಲ್ಲಿನ ಮಾಡೇ ತಂಪು. ಅದನ್ನು ಹೆಂಚು ಸೋಲಿಸಿದುದು ತಂಪಿನಿಂದಲ್ಲ. ಬೆಂಕಿಯ ಭಯವನ್ನೂ ಮತ್ತೆ ಮತ್ತೆ ಹೊದೆಸುವ ಕಷ್ಟವನ್ನೂ ತಪ್ಪಿಸಿದುದರಿಂದ. ಇನ್ನೊಂದು ಸಂಗತಿಯನ್ನು ಹಳೆಯ ಮನೆಗಳನ್ನು ಹೊಗಳುವವರು ಮರೆಯುತ್ತಾರೆ: ಹೆಂಚಿನ ಭಟ್ಟಿಗಳಿಗೆ ಸೌದೆ ಬೇಕಿತ್ತು, ಅದು ಬಂದುದು ಕಾಡಿನಿಂದ. ಮನೆಯೊಳಗಿನ ತಂಪಿಗೆ ಮರಗಳು ತೆತ್ತ ಬೆಲೆಯದು. ಒಮ್ಮೆ ಸುಟ್ಟ ಹೆಂಚು ಹಲವು ತಲೆಮಾರು ಬಾಳುತ್ತದೆಂಬುದು ಮಾತ್ರ ಅದರ ಪರವಾದ ವಾದ.

ಸಿಮೆಂಟು ಸುಲಭವಾಗಿ ದೊರೆಯತೊಡಗಿದ ಮೇಲೆ, ಸೌದೆಯೂ ಮಣ್ಣೂ ದುಬಾರಿಯಾದ ಮೇಲೆ, ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಮುಚ್ಚಿದವು. ತಾರಸಿ ಮನೆ ಅಂತಸ್ತಿನ ಗುರುತಾಯಿತು. ಅದರ ಹಿಂದೆಯೇ ಪಂಖ, ಪಂಖದ ಹಿಂದೆ ಹವಾನಿಯಂತ್ರಕ. 2001ರಲ್ಲಿ ಇಂಧನ ಸಂರಕ್ಷಣಾ ಕಾಯಿದೆ ಬಂದಿತು. 2018ರಲ್ಲಿ ಕೇಂದ್ರ ಸರಕಾರವು ವಾಸದ ಮನೆಗಳಿಗೆಂದೇ ‘ಇಕೋ ನಿವಾಸ್ ಸಂಹಿತೆ’ಯನ್ನು ಹೊರಡಿಸಿ, ಗೋಡೆ ಮತ್ತು ಚಾವಣಿಗಳ ಮೂಲಕ ಒಳಬರುವ ಶಾಖಕ್ಕೆ ಮಿತಿ ಹೇಳಿತು. 2020ರಿಂದ ಹವಾನಿಯಂತ್ರಕಗಳು 24 ಡಿಗ್ರಿಯಲ್ಲಿಯೇ ಚಾಲೂ ಆಗುವಂತೆ ನಿಯಮವಾಯಿತು. ಹಿಂದೆ ಬಡಗಿಯೂ ಮೇಸ್ತ್ರಿಯೂ ಕೈಯಲ್ಲಿ ಬಲ್ಲುದನ್ನು ಈಗ ಸೂತ್ರಗಳಲ್ಲಿ ಲೆಕ್ಕಹಾಕುತ್ತೇವೆ. ನನಗೇನೂ ಆಕ್ಷೇಪಣೆಯಿಲ್ಲ, ಲೆಕ್ಕ ಸರಿಯಿದ್ದರೆ ಸಾಕು.

ಇಂದು ದಕ್ಷಿಣ ಕನ್ನಡದಲ್ಲಿ ಸಂಚರಿಸುವವರು ಒಂದು ವಿಚಿತ್ರವನ್ನು ಕಾಣಬಹುದು. ತಾರಸಿ ಸೋರಿತೆಂದೋ ಕಾಯಿತೆಂದೋ, ಅದರ ಮೇಲೆ ಕಬ್ಬಿಣದ ಕಂಬಗಳನ್ನು ನಿಲ್ಲಿಸಿ ಇಳಿಜಾರಾದ ಇನ್ನೊಂದು ಮಾಡನ್ನು ಕಟ್ಟುತ್ತಿದ್ದಾರೆ. ಕೆಲವರು ತಗಡು ಹೊದೆಸುತ್ತಾರೆ. ಕೆಲವರು ಕೆಡವಿದ ಮನೆಗಳ ಹಳೆಯ ಹೆಂಚನ್ನು ಹುಡುಕಿ ತರುತ್ತಾರೆ.