ಲಿಫ್ಟಿಗೆ ಮೊದಲು, ಬುಡ್ಡಿದೀಪಕ್ಕೆ ಆಮೇಲೆ

ಅಪಾರ್ಟ್‌ಮೆಂಟಿನ ಲಿಫ್ಟ್ ಬಿಲ್ಲಿಗೆ ಗೊಣಗ್ತೀವಲ್ಲ, ನಾನೊಮ್ಮೆ ಲೆಕ್ಕ ಹಾಕಿದೆ. 500 ಕೆ.ಜಿ. ಭಾರವನ್ನು ಹತ್ತು ಮಹಡಿ, ಅಂದರೆ 30 ಮೀಟರ್, ಎತ್ತಲು ಬೇಕಾದದ್ದು ಬರೀ 0.04 ಯೂನಿಟ್, ಮೋಟಾರಿನ ನಷ್ಟ ಬೇರೆ. ಕಿಲೋಮೀಟರ್ ಆಳದಿಂದ ಒಂದು ಟನ್ ಎತ್ತಲು 2.7 ಯೂನಿಟ್. ಕೋಲಾರದ ಚಿನ್ನದ ಗಣಿ ಮುಂದೆ 3 ಕಿ.ಮೀ. ಆಳ ದಾಟಿತು.

ಆ ಗಣಿಗೆ ಕರೆಂಟು ಕೊಟ್ಟದ್ದು ನಮ್ಮ ನೀರು. ನಂಜನಗೂಡಿನ ಕಪಿಲೆ ಟಿ. ನರಸೀಪುರದಲ್ಲಿ ಕಾವೇರಿ ಸೇರಿ ಶಿವನಸಮುದ್ರದಲ್ಲಿ ಧುಮುಕುತ್ತೆ. 1902ರಲ್ಲಿ ಅಲ್ಲಿಂದ ಸುಮಾರು 147 ಕಿ.ಮೀ. ತಂತಿ ಎಳೆದು ಕೆಜಿಎಫ್‌ಗೆ ಕರೆಂಟು ಕೊಟ್ಟರು. ಅದು ಅದಿರು ಅರೆಯಿತು, ಮುಂದೆ ಗಣಿಯ ಲಿಫ್ಟನ್ನೂ ಎಳೆಯಿತು. ಬೆಂಗಳೂರಿನ ಬೀದಿಗೆ 1905, ಮೈಸೂರಿಗೆ 1908. ನದಿದಡದ ನಮ್ಮ ಹಳ್ಳಿಗಳು ಆಮೇಲೂ ದಶಕಗಟ್ಟಲೆ ಬುಡ್ಡಿದೀಪದಲ್ಲೇ ಇದ್ದವು. ಎಷ್ಟು ಯೂನಿಟ್ ಅಂತ ಕೇಳುವಾಗ, ಮೊದಲು ಯಾರಿಗೆ ಅಂತಲೂ ಕೇಳಬೇಕು ಅನ್ನೋದು ನನಗೆ ತಿಳಿದದ್ದು ಇಲ್ಲಿಂದಲೇ.